ಪದಚರ್ಚೆ: 'ಟೆನೆಮೆಂಟ್'ಗೆ ವಠಾರ ಅಂದರೆ ಸರಿಹೋಗುತ್ತದಾ?

ಗೆಳೆಯರೇ,

ನ್ಯೂಯಾರ್ಕಿನ ಹಳೆಯ ಬಾಡಿಗೆ ಮನೆಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ 'ಟೆನೆಮೆಂಟ್' ಅಡ್ಡ ಕೂತಿದೆ. ಕೈಗೆ ಮೊದಲು ಸಿಕ್ಕಿದ್ದು 'ವಠಾರ'. ಬರೆದೂಬಿಟ್ಟೆ. ಆಮೇಲೆ ಮನಸ್ಸು ಒಪ್ಪಲಿಲ್ಲ.

ನಾನು ಏಳನೇ ಕ್ಲಾಸಿನ ತನಕ ಚಾಮರಾಜಪೇಟೆಯ ವಠಾರದಲ್ಲಿ ಬೆಳೆದವಳು. ಸಾಲಾಗಿ ಎಂಟು ಮನೆ, ಎಲ್ಲಕ್ಕೂ ಒಂದೇ ನಲ್ಲಿ, ಹಿತ್ತಲಲ್ಲಿ ಎರಡು ಪಾಯಖಾನೆ. ಕೊಡಗಳ ಸಾಲು, ಜಗಳ ಎಲ್ಲಾ ಇತ್ತು. ಆದರೆ ಬಾಗಿಲು ತೆಗೆದರೆ ಅಂಗಳ. ಹಪ್ಪಳ ಒಣಗಿಸೋಕೆ ಬಿಸಿಲಿಗೆ ಬರ ಇರಲಿಲ್ಲ.

ನ್ಯೂಯಾರ್ಕಿನದು ಬೇರೆಯೇ ಕತೆ. 25 ಅಡಿ ಅಗಲ, 100 ಅಡಿ ಉದ್ದದ ಸೈಟು. ಅದರ ಮೇಲೆ ಐದಾರು ಅಂತಸ್ತು, ಅಂತಸ್ತಿಗೆ ನಾಲ್ಕು ಸಂಸಾರ. ಪ್ರತಿ ಮಲಗುವ ಕೋಣೆಗೂ ಹೊರಗಾಳಿಯ ಕಿಟಕಿ ಇರಲೇಬೇಕು ಅಂತ 1879ರಲ್ಲಿ ಕಾನೂನು ಬಂತು. ಕಟ್ಟುವವರು ಏನು ಮಾಡಿದರು ಗೊತ್ತಾ? ಕಟ್ಟಡದ ಸೊಂಟವನ್ನು ಚೂರು ಒಳಕ್ಕೆ ಒತ್ತಿ, ಪಕ್ಕದ ಕಟ್ಟಡಕ್ಕೂ ಇದಕ್ಕೂ ನಡುವೆ ಒಂದು ಸಂದು ಬಿಟ್ಟರು. ಮೇಲಿನಿಂದ ನೋಡಿದರೆ ಡಂಬೆಲ್ ಆಕಾರ, ಅದಕ್ಕೇ 'ಡಂಬೆಲ್ ಟೆನೆಮೆಂಟ್'. ಕೆಳಗಿನ ಮನೆಗಳಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಜನ ಕಸ ಸುರಿಯುತ್ತಿದ್ದದ್ದು ಅದೇ ಸಂದಿಗೆ. ಬೆಂಕಿ ಬಿದ್ದರೆ ಅದೇ ಹೊಗೆಗೂಡಾಗಿ ಉರಿಯನ್ನು ಮೇಲಕ್ಕೆ ಎಳೆಯುತ್ತಿತ್ತು.

'ಕೊಳೆಗೇರಿ' ಅಂತ ಬರೆಯುವವರೂ ಇದ್ದಾರೆ. ನನಗದು ಸುತರಾಂ ಒಪ್ಪಿಗೆಯಿಲ್ಲ. ಕೇರಿ ಅಂದರೆ ಬೀದಿ, ಇದು ಒಂದು ಕಟ್ಟಡ. 1867ರ ನ್ಯೂಯಾರ್ಕ್ ಕಾನೂನು ಕೊಡುವ ಅರ್ಥ ನೋಡಿ: ಮೂರಕ್ಕಿಂತ ಜಾಸ್ತಿ ಸಂಸಾರಗಳು ಬೇರೆ ಬೇರೆಯಾಗಿ ಬಾಡಿಗೆಗಿದ್ದು, ಅಲ್ಲೇ ಅವರವರ ಅಡುಗೆ ಮಾಡಿಕೊಳ್ಳುವ ಮನೆ. ಕೊಳೆಯ ಮಾತೇ ಇಲ್ಲ, ಲೆಕ್ಕ ಒಲೆಯದು! ನಮ್ಮಲ್ಲೂ ಒಲೆ ಬೇರೆಯಾದರೆ ಸಂಸಾರ ಬೇರೆ, ಅಲ್ವಾ? ಅನುಕೂಲಸ್ಥರು ಮಾತ್ರ ತಮ್ಮ ಇಂಥದೇ ಮಹಡಿ ಮನೆಗಳಿಗೆ 'ಫ್ರೆಂಚ್ ಫ್ಲಾಟ್' ಅನ್ನುತ್ತಿದ್ದರು. ಪತ್ರಕರ್ತ ಜೇಕಬ್ ರೀಸ್ ಈ ಮನೆಗಳ ಕತ್ತಲ ಕೋಣೆಗಳಲ್ಲಿ ಫ್ಲಾಷ್ ಪುಡಿ ಉರಿಸಿ ತೆಗೆದ ಫೋಟೋಗಳು ಬಂದ ಮೇಲಂತೂ 'ಟೆನೆಮೆಂಟ್' ಅಂದರೆ ಬರೀ ಕೊಳಕು ಅಂತಾಯಿತು. ಆದರೆ 1901ರ ಹೊಸ ಕಾನೂನಿನಲ್ಲೂ ಅದೇ ಪದ ಉಳಿಯಿತು. ಅದರ ಪ್ರಕಾರ ಕಟ್ಟಿದ ಟೆನೆಮೆಂಟುಗಳಲ್ಲಿ ದೊಡ್ಡ ಅಂಗಳ, ಪ್ರತಿ ಮನೆಗೂ ಬೇರೆ ಟಾಯ್ಲೆಟ್. ಅದನ್ನೂ ಕೊಳೆಗೇರಿ ಅನ್ನೋದಾ?

ಹುಬ್ಬಳ್ಳಿಯ ಗೆಳತಿ 'ಚಾಳ' ಅಂತ ಹಾಕು ಅಂದಳು, ಮುಂಬೈ ಕಡೆ ಬಾಡಿಗೆ ಮನೆಗಳ ಸಾಲುಕಟ್ಟಡಕ್ಕೆ ಹಾಗನ್ನುತ್ತಾರೆ. ಮಹಡಿ ಇರುವುದರಿಂದ ಅದು ಹತ್ತಿರ ಬರುತ್ತದೆ, ನಿಜ. ಆದರೆ ಚಾಳಕ್ಕೆ ಮನೆಗಳ ಮುಂದೆ ಉದ್ದಕ್ಕೂ ತೆರೆದ ಪಡಸಾಲೆ ಇರುತ್ತದಲ್ಲ?

ಇನ್ನು ಆ ಸಂದು, 'ಏರ್ ಶಾಫ್ಟ್'. 'ಬೆಳಕಿಂಡಿ' ಅಂದರೆ ಸುಳ್ಳು ಹೇಳಿದಂತಾಗುತ್ತದೆ. ನಮ್ಮ ಫ್ಲಾಟಿನಲ್ಲಿ ಇಂಥದ್ದಕ್ಕೆ 'ಡಕ್ಟ್' ಅನ್ನುತ್ತಾರೆ, ಬಟ್ಟೆ ಕ್ಲಿಪ್ಪು ಅಲ್ಲಿ ಬಿದ್ದರೆ ಮುಗಿಯಿತು.

ಸದ್ಯಕ್ಕೆ 'ಮಹಡಿ ವಠಾರ', 'ಗಾಳಿಸಂದು' ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಕಿವಿಗೆ ಹೇಗಿದೆ, ಹೇಳಿ. ಬೆಳಗಾವಿ, ಹುಬ್ಬಳ್ಳಿ ಕಡೆಯವರು ಚಾಳದ ವಿಷಯ ಸ್ವಲ್ಪ ಬಿಡಿಸಿ ಬರೆದರೆ ಉಪಕಾರ.