ಗ್ರೀಸ್‌ನ ಮೆಟ್ಸೊವೊಗೆ ಮತ್ತೆ ಹೋಗೋ ಆಸೆ, ಈ ಸಲ ಅಮ್ಮನ್ನ ಕರ್ಕೊಂಡು. ಮೂರು ರಾತ್ರಿ ಜಾಸ್ತಿ ಆಗುತ್ತಾ?

ಬೆಟ್ಟದಹುಚ್ಚು:

ಎಲ್ರಿಗೂ ನಮಸ್ಕಾರ. ಕೆಲವು ವರ್ಷದ ಹಿಂದೆ ಬಂಡೆಗಳ ಮೇಲಿನ ಮಠಗಳಿರೋ ಮೆಟಿಯೋರಾ ನೋಡ್ಕೊಂಡು ಯಾನಿನಾ ನಗರದ ಕಡೆ ಹೋಗೋವಾಗ ದಾರೀಲಿ ಮೆಟ್ಸೊವೊ ಅಂತ ಒಂದು ಬೆಟ್ಟದ ಊರು ಸಿಕ್ತು, ಊಟ ಮಾಡ್ಕೊಂಡು ಹೊರಡೋಣ ಅಂತ ನಿಲ್ಸಿದ್ದು ಅಲ್ಲೇ ರಾತ್ರಿ ಉಳ್ಕೊಂಡ್ಬಿಟ್ವಿ. ಕಲ್ಲಿನ ಮನೆಗಳು, ಚೌಕದಲ್ಲಿ ದೊಡ್ಡ ದೊಡ್ಡ ಮರದ ಕೆಳಗೆ ಬೆಂಚ್ ಮೇಲೆ ಕೋಲು ಹಿಡ್ಕೊಂಡು ಕೂತಿರೋ ತಾತಂದಿರು, ಅವ್ರು ಮಾತಾಡೋದು ಗ್ರೀಕ್ ಕೂಡ ಅಲ್ಲ, ಆ ಬೆಟ್ಟದ ಕುರಿ ಕಾಯೋ ಜನ ವ್ಲಾಖರ ಭಾಷೆ ಅಂತ ಆಮೇಲೆ ಗೊತ್ತಾಯ್ತು. ಗ್ರೀಸ್ ಅಂದ್ರೆ ಬಿಳಿ ಗೋಡೆ ನೀಲಿ ಸಮುದ್ರ ಅಷ್ಟೇ ಅನ್ಕೊಂಡಿದ್ದ ನಂಗೆ ಅದು ಬೇರೆ ದೇಶಾನೇ ಅನ್ನಿಸ್ತು.

ಈಗ ಜೂನ್‌ನಲ್ಲಿ ಅಮ್ಮನ ಜೊತೆ ಹೋಗೋ ಪ್ಲಾನ್. ಅಲ್ಲಿ ಮೂರು ರಾತ್ರಿ ಇರೋಣ ಅಂತ ನಾನು, ಅದೇ ಕಡೆ ಇರೋ ಝಗೋರಿ ಅನ್ನೋ ಬೆಟ್ಟದ ಹಳ್ಳಿಗಳಿಗೆ ಹೋಗು, ಮೆಟ್ಸೊವೊದಲ್ಲಿ ಏನಿದೆ ಅಂತ ಸ್ನೇಹಿತ್ರು. ಅಮ್ಮಂಗೆ ಮಂಡಿ ನೋವು, ಪೂರ್ತಿ ಸಸ್ಯಾಹಾರಿ, ಮೊಟ್ಟೇನೂ ತಿನ್ನಲ್ಲ. ಇನ್ನೊಂದು ಒಳಗೊಳಗೇ ಭಯ ಅಂದ್ರೆ ಮೊದಲ ಸಲ ಅಷ್ಟು ಇಷ್ಟ ಆಗಿದ್ದು ಎರಡನೇ ಸಲ ಸಪ್ಪೆ ಅನ್ನಿಸ್ಬಿಟ್ರೆ? ಹೋಗಿ ಬಂದವ್ರು ಹೇಳಿ ಪ್ಲೀಸ್.

ನಿಧಾನಪ್ರಯಾಣಿ:

ಮೂರು ರಾತ್ರಿ ಜಾಸ್ತಿ ಏನಲ್ಲ, ಕಣ್ಮುಚ್ಕೊಂಡು ಇರಿ. ಆ ಊರಿಗೆ ಬರೋರಲ್ಲಿ ಮುಕ್ಕಾಲು ಜನ ನಿಮ್ಮ ಥರಾನೇ ಮೆಟಿಯೋರಾ ಯಾನಿನಾ ಮಧ್ಯೆ ಬಸ್ ನಿಲ್ಸಿ ಚೀಸ್ ತಗೊಂಡು ಫೋಟೋ ಹೊಡ್ಕೊಂಡು ಹೋಗೋರು, ಸಂಜೆ ಅವ್ರೆಲ್ಲ ಖಾಲಿಯಾದ ಮೇಲೆ ಊರಿನವ್ರು ಚೌಕಕ್ಕೆ ಬರ್ತಾರೆ. ಅದನ್ನ ನೀವು ಒಂದೇ ಸಂಜೆ ನೋಡಿರೋದು.

ನೋಡೋಕೆ ಏನಿದೆ ಅನ್ನೋ ಸ್ನೇಹಿತ್ರಿಗೆ ಇದನ್ನ ಹೇಳಿ. 1896ರ ಒಲಿಂಪಿಕ್ಸ್‌ಗೆ ಅಥೆನ್ಸ್‌ನ ಪುರಾತನ ಸ್ಟೇಡಿಯಂ ಅಮೃತಶಿಲೇಲಿ ಮತ್ತೆ ಎದ್ದು ನಿಂತಿದ್ದು ಈ ಊರಲ್ಲಿ ಹುಟ್ಟಿದ ಯೋರ್ಗೊಸ್ ಅವೆರೊಫ್ ದುಡ್ಡಲ್ಲಿ, ಈಜಿಪ್ಟ್‌ಗೆ ಹೋಗಿ ವ್ಯಾಪಾರದಲ್ಲಿ ದುಡಿದ ಮನುಷ್ಯ. ಅಥೆನ್ಸ್‌ನ ದೊಡ್ಡ ಎಂಜಿನಿಯರಿಂಗ್ ಯೂನಿವರ್ಸಿಟಿಗೆ ಇವತ್ತಿಗೂ ಗ್ರೀಕ್‌ನಲ್ಲಿ ಮೆಟ್ಸೊವಿಯೊ ಅಂತಾನೇ ಹೆಸ್ರು, ದುಡ್ಡು ಕೊಟ್ಟವ್ರು ಈ ಊರಿನವ್ರು ಅಂತ. ಕುರಿ ಕಾಯೋರ ಊರಿಂದ ಇಷ್ಟು ದುಡ್ಡು ಹೆಂಗೆ ಅಂದ್ರೆ, ಆಟೊಮನ್ ಕಾಲದಲ್ಲಿ ಬೆಟ್ಟದ ದಾರಿ ಕಾಯೋ ಕೆಲಸ ಇವ್ರದ್ದು, ಅದಕ್ಕೆ ಬದಲಾಗಿ ತೆರಿಗೇಲಿ ರಿಯಾಯಿತಿ, ಹಂಗಾಗಿ ವ್ಯಾಪಾರಕ್ಕೆ ಇಳಿದ್ರು, ಗೆದ್ರು, ಊರಿಗೆ ವಾಪಸ್ ಕಳ್ಸಿದ್ರು. ತೊಸಿತ್ಸಾ ಮನೆತನದ ಹಳೇ ಮನೆ ಈಗ ಮ್ಯೂಸಿಯಂ, ಕಂಬಳಿ, ನೇಯ್ಗೆ, ಮರದ ಕೆತ್ತನೆ ಎಲ್ಲ ಇದೆ, ಅಮ್ಮಂಗೆ ಖಂಡಿತ ಹಿಡ್ಸುತ್ತೆ. ಅವೆರೊಫ್ ಗ್ಯಾಲರೀಲಿ 19 ಮತ್ತೆ 20ನೇ ಶತಮಾನದ ಗ್ರೀಕ್ ಚಿತ್ರಗಳಿವೆ, ಇಷ್ಟು ಚಿಕ್ಕ ಊರಲ್ಲಿ ಅಂಥ ಸಂಗ್ರಹ ನಾನಂತೂ ನಿರೀಕ್ಷೆ ಮಾಡಿರ್ಲಿಲ್ಲ. ವಾರಕ್ಕೊಂದು ದಿನ ಮುಚ್ಚಿರುತ್ತೆ, ಹೋಗೋ ಮೊದಲು ದಿನ ನೋಡ್ಕೊಳ್ಳಿ.

ಕಾಲುನಡಿಗೆ:

ನಾನು ಸ್ವಲ್ಪ ಉಲ್ಟಾ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಊರು ಚೆನ್ನಾಗಿದೆ ಒಪ್ಕೊಂಡೆ, ಆದ್ರೆ ಊರು ನಿಂತಿರೋದೇ ಇಳಿಜಾರಲ್ಲಿ, 1,100 ಮೀಟರ್‌ಗಿಂತ ಎತ್ತರ, ಚೌಕ ಬಿಟ್ಟು ಎಲ್ಲಿ ಕಾಲಿಟ್ರೂ ಕಲ್ಲುಹಾಸಿನ ಏರು ಇಲ್ಲ ಮೆಟ್ಟಿಲು, ಮಳೆ ಬಂದ್ರೆ ಜಾರುತ್ತೆ. ಮಂಡಿ ನೋವಿರೋರಿಗೆ ಹೋಟೆಲ್ ಎಲ್ಲಿದೆ ಅನ್ನೋದೇ ಮುಖ್ಯ. "ಚೌಕದಿಂದ 200 ಮೀಟರ್" ಅಂತ ಹಾಕಿರ್ತಾರೆ, ಆ 200 ಮೀಟರ್ ಮೇಲಕ್ಕಾ ಅಡ್ಡಕ್ಕಾ ಅಂತ ಹಾಕಿರಲ್ಲ! ಮೇಲ್ ಮಾಡಿ ಕೇಳಿ, ಬಾಗಿಲ ತನಕ ಕಾರು ಬರುತ್ತಾ, ಲಿಫ್ಟ್ ಇದ್ಯಾ ಅಂತ. ಊರ ಕೆಳಗೆ ಸಂತ ನಿಕೊಲಾಸ್ ಮಠ ಇದೆ, ಮೇಣದಬತ್ತಿ ಮಸಿ ತೆಗ್ಸಿ ಮತ್ತೆ ಬೆಳಕಿಗೆ ತಂದ ಹಳೇ ಭಿತ್ತಿಚಿತ್ರಗಳು, ಚೆನ್ನಾಗಿದೆ, ಆದ್ರೆ ಅಮ್ಮನ್ನ ನಡೆಸ್ಕೊಂಡು ಹೋಗ್ಬೇಡಿ, ಇಳಿಯೋದು ಸುಲಭ ವಾಪಸ್ ಹತ್ತೋದು ಕಷ್ಟ. ಕಾರಲ್ಲಿ ಹೋಗಿ.

ಝಗೋರಿ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ, ವಿಕೊಸ್ ಕಮರಿ, ಕಮಾನಿನ ಕಲ್ಲು ಸೇತುವೆಗಳು, ನನ್ ಕೇಳಿದ್ರೆ ಪ್ರಕೃತಿ ವಿಷಯದಲ್ಲಿ ಮೆಟ್ಸೊವೊಗಿಂತ ಒಂದು ಕೈ ಮೇಲೆ. ಹಂಗಂತ ಅಲ್ಲೂ ಕಲ್ಲುಹಾಸು ದಾರೀನೇ, ಮತ್ತೆ ಹಳ್ಳಿಗಳು ರಾತ್ರಿ ಪೂರ್ತಿ ಸ್ತಬ್ಧ, ಮೆಟ್ಸೊವೊ ಥರ ಜನ ಓಡಾಡೋ ಚೌಕ ಸಿಗಲ್ಲ. ಎರಡು ಮೆಟ್ಸೊವೊ, ಒಂದು ಝಗೋರಿ ಮಾಡ್ಬಹುದಲ್ವಾ?

ಹೊಟ್ಟೆಪಾಡು:

ಊಟದ ವಿಷಯ ಯಾರೂ ಹೇಳ್ಲಿಲ್ಲ ಅದ್ಕೆ ನಾನ್ ಬಂದೆ. ಆ ಕಡೆ ಮೆನು ಅಂದ್ರೆ ಮಾಂಸಾನೇ, ಚೌಕದ ಸುತ್ತ ಕೆಂಡದ ಮೇಲೆ ತಿರುಗ್ತಾ ಇರುತ್ತೆ, ವಾಸನೆ ಆಗದವ್ರಿಗೆ ಕಷ್ಟ, ಹೊರಗಡೆ ಟೇಬಲ್ ಹಿಡೀರಿ. ಆದ್ರೆ ಉಪವಾಸ ಬೀಳಲ್ಲ. ಗಿಗಾಂಡೆಸ್ ಅಂತ ದೊಡ್ಡ ಬಿಳಿ ಅವರೆ ಥರದ ಕಾಳು ಟೊಮ್ಯಾಟೊದಲ್ಲಿ ಬೇಯ್ಸಿರ್ತಾರೆ, ಹೊರ್ತಾ ಅಂತ ಬೇಯ್ಸಿದ ಸೊಪ್ಪಿಗೆ ಎಣ್ಣೆ ನಿಂಬೆಹಣ್ಣು, ಕರಿದ ಆಲೂಗಡ್ಡೆ, ಸಲಾಡ್. ಸೊಪ್ಪಿನ ಪೀಟಾ, ಅಂದ್ರೆ ಹಿಟ್ಟಿನ ಪದರದೊಳಗೆ ಸೊಪ್ಪು ತುಂಬಿ ಬೇಯ್ಸಿದ ಪೈ, ತುಂಬಾ ಚೆನ್ನಾಗಿರುತ್ತೆ ಆದ್ರೆ ಒಳಗೆ ಮೊಟ್ಟೆ ಹಾಕೋರೂ ಇದ್ದಾರೆ, ಪ್ರತಿ ಅಂಗಡೀಲೂ ಕೇಳ್ಬೇಕು. ಅಲ್ಲಿನ ಕ್ರಿಶ್ಚಿಯನ್ನರು ವ್ರತದ ದಿನ ತಿನ್ನೋ ಅಡುಗೆಗೆ "ನಿಸ್ತೀಸಿಮೊ" ಅಂತಾರೆ, ಮೊಟ್ಟೆ ಹಾಲು ಮಾಂಸ ಇರಲ್ಲ, ಆ ಒಂದು ಪದ ಬಾಯಿಪಾಠ ಮಾಡ್ಕೊಳ್ಳಿ, ಆದ್ರೆ ಅದ್ರಲ್ಲಿ ಸಿಗಡಿ ಆಕ್ಟೋಪಸ್ ನಡೆಯುತ್ತೆ ಹುಷಾರು.

ಆ ಊರಿನ ಮೆಟ್ಸೊವೊನೆ ಚೀಸ್ ವಿಷಯ. ಕೆಲವು ತಿಂಗಳು ಹಣ್ಣಾಗೋಕೆ ಬಿಟ್ಟು ಆಮೇಲೆ ಹುಲ್ಲು ಸುಟ್ಟ ಹೊಗೆ ಕೊಡ್ತಾರೆ, ಹೆಂಚಿನ ಮೇಲೆ ಸುಟ್ಟು ಬಿಸಿಬಿಸಿ ತಂದ್ರೆ ಅದ್ರ ಮುಂದೆ ಏನೂ ಇಲ್ಲ. ಹಳೇ ಕಾಲದ್ದು ಅನ್ಕೊಂಡ್ರೆ ಅಲ್ಲ, ಊರಿನ ಹುಡುಗ್ರನ್ನ ಇಟಲಿಗೆ ಕಳ್ಸಿ ಕಲಿಸಿ 1950ರ ದಶಕದಲ್ಲಿ ಶುರು ಮಾಡಿದ್ದು. ಆದ್ರೆ ಹಾಲು ಹೆಪ್ಪುಗಟ್ಟೋಕೆ ರೆನೆಟ್ ಹಾಕ್ತಾರೆ, ಗ್ರೀಸ್‌ನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಅದು ಸಾಮಾನ್ಯವಾಗಿ ಎಳೇ ಕರು ಇಲ್ಲ ಮರಿಗಳ ಹೊಟ್ಟೆಯಿಂದ ತೆಗೆಯೋದು. ಅಮ್ಮಂಗೆ ಮೊದಲೇ ಹೇಳ್ಬಿಡಿ, ತಿಂದಾದ ಮೇಲೆ ಹೇಳೋದಲ್ಲ.

ಬೆಟ್ಟದಹುಚ್ಚು:

ಅಯ್ಯೋ ರೆನೆಟ್ ವಿಷಯ ಗೊತ್ತೇ ಇರ್ಲಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್. ಅಮ್ಮನ್ನ ಕೇಳ್ದೆ, "ಹಂಗಾದ್ರೆ ನಂಗೆ ಬೇಡ ನೀನು ತಿನ್ನು" ಅಂದ್ರು. 2+1 ಐಡಿಯಾ ಇಷ್ಟ ಆಯ್ತು. ಕಾರು ಬೇಕೇ ಬೇಕಾ ಇಲ್ಲ ಬಸ್ಸಲ್ಲಿ ಆಗುತ್ತಾ? ಜುಲೈ ಕೊನೇಲಿ ಜಾತ್ರೆ ಇದೆ ಅಂತ ಎಲ್ಲೋ ಓದ್ದೆ, ಅದಕ್ಕೆ ಮುಂದಕ್ಕೆ ಹಾಕ್ಲಾ?

ನಿಧಾನಪ್ರಯಾಣಿ:

ಜುಲೈ 26, ಸಂತ ಪರಸ್ಕೆವಿ ಹಬ್ಬ, ಚೌಕದ ಪಕ್ಕದಲ್ಲಿರೋ ಚರ್ಚ್ ಅವ್ರದ್ದೇ. ಊರಿನವ್ರು ಹಳೇ ಉಡುಪು ಹಾಕ್ಕೊಂಡು ಕುಣೀತಾರೆ, ನೋಡೋಕೆ ಚಂದ, ಆದ್ರೆ ರೂಮ್ ಸಿಗೋದು ಕಷ್ಟ, ಜನಜಂಗುಳಿ. ಅಮ್ಮನ ಜೊತೆ ಅಂದ್ರೆ ಜೂನೇ ವಾಸಿ.

ಅಥೆನ್ಸ್‌ನಿಂದ ಯಾನಿನಾಗೆ ಬಸ್ ಇದೆ, ಸುಮಾರು ಆರು ಗಂಟೆ, ವಿಮಾನಾನೂ ಇದೆ. ಯಾನಿನಾದಿಂದ ಮೆಟ್ಸೊವೊಗೆ ಬಸ್ ಇದ್ರೂ ದಿನಕ್ಕೆ ಕೆಲವೇ, ವಾರಾಂತ್ಯದಲ್ಲಿ ಇನ್ನೂ ಕಮ್ಮಿ, ಮತ್ತೆ ಝಗೋರಿ ಸೇರಿಸ್ಕೊಂಡ್ರೆ ಬಸ್ಸಲ್ಲಿ ಆಗೋ ಮಾತಲ್ಲ. ಯಾನಿನಾಗೆ ಫ್ಲೈಟ್ ಹಿಡಿದು ಅಲ್ಲೇ ಕಾರು ತಗೊಳ್ಳಿ, ಎಗ್ನಾತಿಯಾ ಹೈವೇ ಸುರಂಗ ಸುರಂಗ ದಾಟ್ಕೊಂಡು ಒಂದು ಗಂಟೆ ಒಳಗೆ ಊರು. ಟೋಲ್‌ಗೆ ಚಿಲ್ಲರೆ ಯೂರೋ ಇಟ್ಕೊಳ್ಳಿ. ಇಂಡಿಯಾ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಗೇರ್ ಕಾರು ಎಡಗಡೆ ಸ್ಟೇರಿಂಗ್‌ನಲ್ಲಿ ಓಡ್ಸಿ ಅಭ್ಯಾಸ ಇಲ್ದಿದ್ರೆ ಆಟೋಮ್ಯಾಟಿಕ್ ಈಗ್ಲೇ ಬುಕ್ ಮಾಡಿ, ಅಲ್ಲಿ ಕಮ್ಮಿ ಇರುತ್ತೆ.

ಕಾಲುನಡಿಗೆ:

ಒಂದು ಸೇರಿಸ್ತೀನಿ, ಹೋಟೆಲ್ ಬಿಲ್ ಬಿಟ್ಟು ರಾತ್ರಿಗಿಷ್ಟು ಅಂತ ಸರ್ಕಾರದ ಶುಲ್ಕ ಬೇರೆ ಇದೆ, 2025ರಿಂದ ಏರ್ಸಿದ್ದಾರೆ, ಏಪ್ರಿಲ್‌ನಿಂದ ಅಕ್ಟೋಬರ್ ತನಕ ಮೂರು ಸ್ಟಾರ್‌ಗೆ ರೂಮಿಗೆ 5 ಯೂರೋ, ನಾಲ್ಕಕ್ಕೆ 10. ಆನ್‌ಲೈನ್ ಬೆಲೇಲಿ ಸೇರಿರಲ್ಲ ಬಹಳ ಸಲ, ಕೌಂಟರಲ್ಲೇ ಕೇಳ್ತಾರೆ. ಮತ್ತೆ ಕಾರಿದ್ರೆ ಊರ ಮೇಲಿರೋ ಆವೊಸ್ ಸರೋವರಕ್ಕೆ ಹೋಗ್ಬನ್ನಿ, ಕರೆಂಟ್‌ಗೆ ಅಂತ ಅಣೆಕಟ್ಟು ಕಟ್ಟಿ ಮಾಡಿದ ನೀರು, ಅಮ್ಮ ನಡೀದೇ ಕಾರಿಂದ ಇಳಿದು ನೋಡ್ಬಹುದು. ಜೂನ್ ಆದ್ರೂ ಅಲ್ಲಿ ಸಂಜೆ ಚಳಿ, ಸ್ವೆಟರ್ ಇರ್ಲಿ.