ಸ್ನೇಕ್‌ಹೆಡ್ ಮೀನಿಗೆ ಕನ್ನಡದಲ್ಲಿ ಏನನ್ನಬೇಕು?

ನಮಸ್ಕಾರ. ಮೀನು ಸಾಕುವ ಕೊಳವೊಂದರ ಬೋರ್ಡಿಗೆ ಕನ್ನಡ ಮಾಡಿಕೊಡಬೇಕು. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ. ಮೀನು ಸ್ನೇಕ್‌ಹೆಡ್, ವೈಜ್ಞಾನಿಕ ಹೆಸರು ಚನ್ನಾ ಸ್ಟ್ರಯೇಟಾ. 'ಹಾವುತಲೆ ಮೀನು' ನಡೆಯುತ್ತಾ? ಅದಕ್ಕೆ ಕಿವಿರಿನ ಮೇಲೆ ಗಾಳಿ ತುಂಬಿಕೊಳ್ಳುವ ಜಾಗ ಇದೆ. ಅದನ್ನು 'ಉಪರಿಕಿವಿರು ಕೋಷ್ಠ' ಅಂದಿದ್ದೇನೆ. 'ನೀರಿನಲ್ಲಿ ಉಸಿರಾಡುವ ಬೇಟೆಗಾರ ಮೀನು' ಅಂತ ಒಂದು ಸಾಲೂ ಇದೆ.

---

ಉಪರಿಕಿವಿರು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. 'ಗಾಳಿಗೂಡು' ಅನ್ನಿ, ಸಾಕು.

ಹಾವು, ತಲೆ ಎರಡೂ ಅಚ್ಚಗನ್ನಡ ಅಂತ ಹಿಗ್ಗಬೇಡಿ. 1793ರಲ್ಲಿ ಬ್ಲಾಕ್ ಎಂಬ ಜರ್ಮನ್ ವಿಜ್ಞಾನಿ ಗ್ರೀಕಿನಿಂದ 'ಒಫಿಸೆಫಾಲಸ್' ಅಂತ ಹೆಸರು ಕಟ್ಟಿದ. ಒಫಿಸ್ ಅಂದರೆ ಹಾವು, ಕೆಫಲೆ ಅಂದರೆ ತಲೆ. ನೀವು ಅದಕ್ಕೇ ಪಂಚೆ ಉಡಿಸುತ್ತಿದ್ದೀರಿ. ನಮ್ಮ ಮೀನು ಮಾರ್ಕೆಟ್ಟಿನಲ್ಲಿ ಇದು ಕೊರವ. ತೆಲುಗಿನ ಕೊರ್ರಮೀನು, ತಮಿಳಿನ ಕುರವೈ, ಎಲ್ಲ ಒಂದೇ ಬೇರು.

---

ತಮಿಳಿನ ಕುರವೈ ಇದರ ಚಿಕ್ಕ ದಾಯಾದಿ. ಸ್ಟ್ರಯೇಟಾಕ್ಕೆ ಅವರು ವಿರಾಲ್ ಅನ್ನುತ್ತಾರೆ. ಬೇರು ಹುಡುಕುವ ಮೊದಲು ಮೀನು ನೋಡಿ.

ಇನ್ನೊಂದು. ಕೊರವ ಅನ್ನುವುದು ಒಂದು ಸಮುದಾಯದ ಹೆಸರೂ ಹೌದು. ಬೋರ್ಡಿನಲ್ಲಿ 'ಕೊರವ ಹಿಡಿಯಬಾರದು' ಅಂತ ಬರೆದರೆ ಎಡವಟ್ಟು. 'ಮೀನು' ಬಿಡಬೇಡಿ. ಅರಿಸಮಾಸದ ವಿಷಯ: ಬಿರುದಾವಳಿಗೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ರಿಯಾಯಿತಿ ಕೊಟ್ಟಿದ್ದಾನೆ, ಕೊಳಕ್ಕೆ ಯಾಕೆ ಇಷ್ಟು ಬಿಗಿ?

---

ಪದ ಆಮೇಲೆ, 'ನೀರಿನಲ್ಲಿ ಉಸಿರಾಡುವ' ಅನ್ನುವ ಆ ಸಾಲೇ ತಪ್ಪು. ಚಿಕ್ಕಂದಿನಿಂದ ಕಪ್ಪೆ ಕಟ್ಟಿ ಇದಕ್ಕೆ ಗಾಳ ಹಾಕಿದವನು ನಾನು. ದೊಡ್ಡದಾದ ಮೇಲೆ ಇದಕ್ಕೆ ಬರೀ ಕಿವಿರು ಸಾಲದು. ಆಗಾಗ ಮೇಲೆ ಬಂದು ಗುಳುಕ್ಕನೆ ಗಾಳಿ ನುಂಗಲೇಬೇಕು. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಮೀನು ಮುಳುಗಿ ಸತ್ತಿತು ಅಂದರೆ ಯಾರು ನಂಬುತ್ತಾರೆ ಹೇಳಿ! ಅದೇ ಗಾಳಿಯಿಂದಲೇ ಕೆರೆ ಬತ್ತಿದಾಗ ಕೆಸರಿನಲ್ಲಿ ಹೂತುಕೊಂಡು ಮಳೆ ಬರುವ ತನಕ ಬದುಕುತ್ತದೆ. 'ಗಾಳಿ ನುಂಗುವ ಮೀನು' ಅಂತ ಬರೆಯಿರಿ. ಕೊಳಕ್ಕೆ ಮೇಲೆ ಬಲೆ ಕಟ್ಟಿಸಿ, ಹಾರುತ್ತದೆ.

ಹೆಸರು ಮುರ್ಲು ಅಂತಲೇ ಇರಲಿ. ಇದರ ದೊಡ್ಡಣ್ಣ, ಚನ್ನಾ ಮರೂಲಿಯಸ್, ಹೂವಿನ ಮುರ್ಲು ಅಲ್ವಾ?

---

ಮುರ್ಲು ಮರಾಠಿಯ ಮರಳ್ ಇದ್ದ ಹಾಗಿದೆ. ಎರವಲು ಇರಬಹುದು.

---

ಬೋರ್ಡು, ಪೇಂಟರ್ ಎಲ್ಲ ಯಾರಪ್ಪನ ಮನೆಯದು? ಮೊದಲು 'ಹಲಗೆ' ಅನ್ನುವುದನ್ನು ಕಲಿಯಿರಿ.

---

ಎಲ್ಲರಿಗೂ ಥ್ಯಾಂಕ್ಸ್. ಆ ಸಾಲು ತಿದ್ದಿದೆ, ಗಾಳಿಗೂಡು ಹಾಕಿದೆ. ಹಲಗೆ ತಗಡಿನದು, ಆದ್ದರಿಂದ ಬೋರ್ಡೇ ಇರಲಿ. ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಾರೆ. 'ಹಾವುತಲೆ ಮೀನು' ಆರು, 'ಕೊರವ ಮೀನು' ಐದು. ಕೊರವ ಮೀನೇ ಬರೆಸುತ್ತಿದ್ದೇನೆ.