ಲಿಂಡನ್ ಜಾನ್ಸನ್ ಅಂದ್ರೆ ಬರೀ ವಿಯೆಟ್ನಾಂ ಯುದ್ಧವೇ?

ಪ್ರಶ್ನೆ: ಮೇಡಂ, ನಮಸ್ಕಾರ. ಪಿಯುಸಿ ಓದುವ ಮಗಳು ಅಮೆರಿಕದ ಅಧ್ಯಕ್ಷ ಜಾನ್ಸನ್ ಬಗ್ಗೆ ಕೇಳಿದಳು. ನನಗೆ ನೆನಪಾದದ್ದು ವಿಯೆಟ್ನಾಂ ಒಂದೇ. ಬಡವರಿಗಾಗಿ ದೊಡ್ಡ ಕಾನೂನು ತಂದವರೂ ಅವರೇ ಅಂತೆ. ಹಾಗಿದ್ದರೆ ಯುದ್ಧಕ್ಕೆ ಯಾಕೆ ಇಳಿದರು?

ಉತ್ತರ (ಇತಿಹಾಸ ಉಪನ್ಯಾಸಕಿ): 1965ರ ಜುಲೈ ಕೊನೆಯ ವಾರವನ್ನೇ ನೋಡಿ. ವಿಯೆಟ್ನಾಂನಲ್ಲಿ 75,000 ಇದ್ದ ಸೈನಿಕರನ್ನು 1,25,000ಕ್ಕೆ ಏರಿಸುತ್ತೇವೆ ಎಂದು ಜಾನ್ಸನ್ 28ರಂದು ಹೇಳಿದರು. 30ರಂದು ಮಿಸೌರಿಗೆ ಹೋಗಿ, ಮಾಜಿ ಅಧ್ಯಕ್ಷ ಟ್ರೂಮನ್ ಪಕ್ಕದಲ್ಲಿ ಕೂತು ಮೆಡಿಕೇರ್‌ಗೆ ಸಹಿ ಹಾಕಿದರು. 65 ದಾಟಿದವರಿಗೆ ಸರ್ಕಾರದ ಆರೋಗ್ಯ ವಿಮೆ ಅದು. ಮೊದಲ ಕಾರ್ಡ್ ಟ್ರೂಮನ್‌ಗೇ ಸಿಕ್ಕಿತು.

ನನಗೆ ಮೆಡಿಕೇರ್‌ನಲ್ಲಿ ತುಂಬಾ ಹಿಡಿಸಿದ್ದು ಬೇರೆಯದೇ. ಆ ದುಡ್ಡು ಬೇಕಿದ್ದರೆ ಆಸ್ಪತ್ರೆಯವರು ಕಪ್ಪು ಜನರನ್ನು ಬೇರೆ ವಾರ್ಡಿಗೆ ಹಾಕುವಂತಿಲ್ಲ ಎಂದು ಸರ್ಕಾರ ಪಟ್ಟು ಹಿಡಿಯಿತು. ಎಷ್ಟೋ ವರ್ಷದ ಆ ಪದ್ಧತಿ ದಕ್ಷಿಣದ ನೂರಾರು ಆಸ್ಪತ್ರೆಗಳಲ್ಲಿ ಕೆಲವೇ ತಿಂಗಳಲ್ಲಿ ನಿಂತಿತು. ಜಾನ್ಸನ್ ಹರೆಯದಲ್ಲಿ ಟೆಕ್ಸಾಸ್‌ನ ಕೊಟುಲಾದಲ್ಲಿ ಮೇಷ್ಟ್ರಾಗಿದ್ದವರು. ಮೆಕ್ಸಿಕನ್ ಮೂಲದ ಮಕ್ಕಳು ತಿಂಡಿಯಿಲ್ಲದೆ ಶಾಲೆಗೆ ಬರುತ್ತಿದ್ದುದನ್ನು ಕಂಡಿದ್ದರು. ಮತದಾನದ ಹಕ್ಕಿನ ಕಾನೂನು ಕೇಳಲು ಸಂಸತ್ತಿನ ಮುಂದೆ ನಿಂತಾಗ ಆ ಮಕ್ಕಳ ಹಸಿವನ್ನೇ ಹೇಳಿದರು.

ಇನ್ನು ಯುದ್ಧ. ಇದು ಹೋರಾಡುವಷ್ಟು ದೊಡ್ಡದಲ್ಲ, ಆದರೆ ಹೊರಗೆ ಬರೋಕೂ ದಾರಿಯಿಲ್ಲ ಎಂದು 1964ರ ಮೇನಲ್ಲೇ ತಮ್ಮ ಭದ್ರತಾ ಸಲಹೆಗಾರ ಬಂಡಿ ಜೊತೆ ಫೋನಿನಲ್ಲಿ ಹೇಳಿದ್ದರು. ಆ ಧ್ವನಿಮುದ್ರಣ ಇವತ್ತಿಗೂ ಇದೆ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋದಾಗ ಟ್ರೂಮನ್ ತಿಂದ ಬೈಗುಳ ಅವರಿಗೆ ಗೊತ್ತಿತ್ತು. ವಿಯೆಟ್ನಾಂ ಬಿಟ್ಟುಕೊಟ್ಟರೆ ತನ್ನ ಮಸೂದೆಗಳೂ ಬೀಳುತ್ತವೆ ಅನ್ನೋ ಭಯ. ಹಾಗಂತ ಅವರ ಹೊಣೆ ಕಮ್ಮಿ ಆಗಲ್ಲ. ಬೇಡ ಅನ್ನಿಸಿದ ಯುದ್ಧಕ್ಕೆ ಹುಡುಗರನ್ನು ಕಳಿಸಿದ್ದು ಇನ್ನೂ ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ಯುದ್ಧದಿಂದ ಆ ಯೋಜನೆಗಳು ನಿಂತೇ ಹೋದವಾ?

ಉತ್ತರ: ನಿಲ್ಲಲಿಲ್ಲ, ಸೊರಗಿದವು. ಯುದ್ಧದ ಖರ್ಚನ್ನು ಮೊದಮೊದಲು ಮುಚ್ಚಿಟ್ಟರು, ತೆರಿಗೆಯನ್ನೂ ಏರಿಸಲಿಲ್ಲ. ಬೆಲೆ ಏರಿತು. ಕೊನೆಗೆ 1968ರಲ್ಲಿ ಶೇ. 10 ಹೆಚ್ಚುವರಿ ತೆರಿಗೆಗೆ ಸಂಸತ್ತು ಒಪ್ಪಿತು, ಆದರೆ 600 ಕೋಟಿ ಡಾಲರ್ ಖರ್ಚು ಕಡಿತ ಮಾಡಬೇಕು ಎಂಬ ಷರತ್ತು ಹಾಕಿತು. ಹಕ್ಕುಗಳ ಹೋರಾಟದಲ್ಲಿ ಜೊತೆಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಕೂಡ 1967ರಲ್ಲಿ ಯುದ್ಧದ ವಿರುದ್ಧ ಬಹಿರಂಗವಾಗಿ ನಿಂತರು. 1968ರ ಮಾರ್ಚ್ 31ರಂದು ಜಾನ್ಸನ್, ಮತ್ತೆ ಚುನಾವಣೆಗೆ ನಿಲ್ಲಲ್ಲ ಎಂದುಬಿಟ್ಟರು. ಇಷ್ಟೆಲ್ಲದರ ನಡುವೆಯೂ, 1964ರಲ್ಲಿ ಶೇ. 19 ಇದ್ದ ಬಡತನ 1969ಕ್ಕೆ ಶೇ. 12ರ ಹತ್ತಿರ ಇಳಿದಿತ್ತು. ಇದಕ್ಕೆ ಆಗ ಕೆಲಸ ಜಾಸ್ತಿ ಸಿಗುತ್ತಿದ್ದುದೂ ಕಾರಣ.

ಇನ್ನೊಬ್ಬ ಸದಸ್ಯರು: ನಮ್ಮ ಚಿಕ್ಕಪ್ಪ 70ರ ದಶಕದಲ್ಲಿ ಡೆಟ್ರಾಯಿಟ್‌ಗೆ ಹೋದವರು. ಅದಕ್ಕೂ ಇವರಿಗೂ ಸಂಬಂಧ ಇದೆಯಾ ಮೇಡಂ?

ಉತ್ತರ: ಖಂಡಿತ ಇದೆ. ಮೊದಲು ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು, ಅಷ್ಟೇ! 1965ರ ಅಕ್ಟೋಬರ್ 3ರಂದು ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನು ಅದನ್ನು ತೆಗೆದುಹಾಕಿತು. ನಿಮ್ಮ ಚಿಕ್ಕಪ್ಪನಂಥ ಎಷ್ಟೋ ಕನ್ನಡಿಗರು ಹೋದದ್ದು ಆ ಬಾಗಿಲಿನಿಂದಲೇ. ಮಗಳಿಗೆ ಇದನ್ನೂ ಹೇಳಿ ಅಂತ ಮೊದಲು ಕೇಳಿದವರಿಗೆ ನನ್ನ ಕೋರಿಕೆ.